ಬಳ್ಳಾರಿಯಲ್ಲಿ ಅಪ್ಪನ ಕುತ್ತಿಗೆಯ ಕಾಂಟ್ರಾಸ್ಟ್ ಸ್ಕ್ಯಾನ್: ಎರಡು ಸೆಂಟರ್, ಎರಡು ಚಿತ್ರ

ರಕ್ತನಾಳದ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಮಾಡಿಸಿ ಅಂತ ಯಾರಿಗಾದರೂ ಡಾಕ್ಟರ್ ಬರೆದುಕೊಟ್ಟಿದ್ದರೆ ಹೋಗುವ ಮುಂಚೆ ಇದನ್ನು ಒಮ್ಮೆ ಓದಿ.

ಅಪ್ಪನಿಗೆ ಒಂದು ದಿನ ಬಲಗೈ ಹತ್ತು ನಿಮಿಷ ಎತ್ತಲಿಕ್ಕೇ ಆಗಲಿಲ್ಲ. ಆಮೇಲೆ ತಾನಾಗೇ ಸರಿ ಹೋಯ್ತು. ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳ ನೋಡಲೇಬೇಕು ಅಂದರು ಡಾಕ್ಟರ್. ಸಕ್ಕರೆ ಕಾಯಿಲೆ ಹಳೇದು, ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ಕೂಡ ಜಾಸ್ತಿ. ಸಿಟಿ ಆಂಜಿಯೋ ಅಂದರೆ ಅಯೋಡಿನ್ ಔಷಧ, ಕಿಡ್ನಿಗೆ ಭಾರ ಆಗಬಹುದು. ಹಾಗಾಗಿ ಕುರುಗೋಡಿನಿಂದ ಬಸ್ಸಿಗೆ ಕೂರಿಸಿಕೊಂಡು, ರಕ್ತದ ಹರಿವು ತೋರಿಸೋ ಅಲ್ಟ್ರಾಸೌಂಡ್ ಆದ ಡಾಪ್ಲರ್‌ಗೆ ಬಂದೆವು.

ಮೊದಲನೇ ಸೆಂಟರಿನ ಹೆಸರು ಬೇಡ. ಐದು ನಿಮಿಷಕ್ಕೆ ಮುಗಿಸಿ ಕಳಿಸಿದರು. ಎಡಗಡೆ ನಾಳ ಪೂರ್ತಿ ಮುಚ್ಚಿದಂತಿದೆ, ನಾಳದ ಗೋಡೆಗೆ ಕಟ್ಟಿದ ಕ್ಯಾಲ್ಸಿಯಂನ ನೆರಳು ಬಿದ್ದು ಸ್ಪಷ್ಟ ಇಲ್ಲ ಅಂತ ರಿಪೋರ್ಟು. ಪೂರ್ತಿ ಮುಚ್ಚಿದೆಯೋ, ಕೂದಲೆಳೆಯಷ್ಟು ರಕ್ತ ಇನ್ನೂ ಹರಿತಾ ಇದೆಯೋ ಅನ್ನೋದರ ಮೇಲೇ ಮುಂದಿನ ಚಿಕಿತ್ಸೆ ನಿಂತಿರುತ್ತೆ. ಆ ಪ್ರಶ್ನೆಗೇ ಉತ್ತರ ಇಲ್ಲ ಅಂದ್ರೆ ಆ ಸ್ಕ್ಯಾನ್ ಯಾಕೆ ಬೇಕಿತ್ತು?

ಎರಡನೇ ಸೆಂಟರಿನಲ್ಲಿ ಕಾಂಟ್ರಾಸ್ಟ್ ಹಾಕಿ ನೋಡಿದರು. ಇಲ್ಲಿ ಔಷಧ ಅಂದರೆ ಗಾಳಿಗುಳ್ಳೆ. ಸೋನೋವ್ಯೂ ಅನ್ನೋ ಬಾಟ್ಲಿಯಲ್ಲಿ ಪುಡಿ ಇರುತ್ತೆ, ಅದಕ್ಕೆ ಸಲೈನ್ ಹಾಕಿ ಜೋರಾಗಿ 20 ಸೆಕೆಂಡ್ ಅಲ್ಲಾಡಿಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಒಂದೊಂದು ಗುಳ್ಳೆ ಕೆಂಪು ರಕ್ತಕಣಕ್ಕಿಂತ ಚಿಕ್ಕದು, ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ. ರಕ್ತನಾಳ ಬಿಟ್ಟು ಹೊರಗೆ ಹೋಗಲ್ಲ, ಆ ಅನಿಲ ಕೊನೆಗೆ ಉಸಿರಲ್ಲೇ ಹೊರಗೆ ಹೋಗುತ್ತೆ. ಕಿಡ್ನಿಗೆ ಕೆಲಸ ಇಲ್ಲ. ಅಲರ್ಜಿ ಅಪರೂಪಕ್ಕೆ ಆಗಬಹುದಂತೆ, ಅದಕ್ಕೆ ಮೊದಲೇ ಹೃದಯದ ತೊಂದರೆ, ಅಲರ್ಜಿ ಎಲ್ಲಾ ಕೇಳಿಕೊಂಡರು, ಮುಗಿದ ಮೇಲೂ ಅರ್ಧ ಗಂಟೆ ಕೂರಿಸಿಕೊಂಡರು.

ನನಗೆ ತುಂಬಾ ಇಷ್ಟವಾಗಿದ್ದು ಆ ಡಾಕ್ಟರಮ್ಮನ ತಾಳ್ಮೆ. ಮೊದಲ ಸಲ ಸೂಜಿಯಲ್ಲಿ ಔಷಧ ಹಾಕಿದಾಗ ಪರದೆಯಲ್ಲಿ ನಾಳದ ಮೇಲ್ಭಾಗ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಅದರ ಕೆಳಗೆ ಬರೀ ಕತ್ತಲು. "ಡೋಸ್ ಜಾಸ್ತಿ ಆಯ್ತು, ಗುಳ್ಳೆಗಳೇ ನೆರಳು ಹಾಕ್ತಾ ಇವೆ" ಅಂದರು. ಹೆಚ್ಚು ಹಾಕಿದರೆ ಹೆಚ್ಚು ಕಾಣುತ್ತೆ ಅಂತ ನಾನು ಅಂದುಕೊಂಡಿದ್ದೆ, ಅದು ತಪ್ಪು. ಸ್ವಲ್ಪ ಹೊತ್ತು ಕಾದು, ಸಿರಿಂಜನ್ನು ಮತ್ತೆ ಮೇಲೆ ಕೆಳಗೆ ಮಾಡಿ (ನಿಂತಲ್ಲೇ ಬಿಟ್ಟರೆ ಗುಳ್ಳೆ ಮೇಲೆ ತೇಲಿಬಿಡುತ್ತೆ), ಅರ್ಧದಷ್ಟೇ ಹಾಕಿ ಹಿಂದೆಯೇ ಸಲೈನ್ ತಳ್ಳಿದರು. "ತಾತ, ಉಗುಳು ನುಂಗಬ್ಯಾಡ್ರಿ, ಮಾತಾಡಬ್ಯಾಡ್ರಿ, ಮೆಲ್ಲಕ ಉಸಿರಾಡ್ರಿ" ಅಂದರು. ಸುಮಾರು 20 ಸೆಕೆಂಡ್ ಆದ ಮೇಲೆ ಕಪ್ಪು ಪರದೆಯಲ್ಲಿ ಬಿಳಿ ಚುಕ್ಕಿಗಳು ಒಂದೊಂದಾಗಿ ಬಂದು, ಮುಚ್ಚಿದೆ ಅಂದಿದ್ದ ಜಾಗದಲ್ಲೇ ಒಂದು ಸಣ್ಣ ಗೆರೆಯಾಗಿ ಮೇಲಕ್ಕೆ ಹರಿದವು. ನಾನು ಮಾತೇ ಆಡಲಿಲ್ಲ, ಕಣ್ಣಲ್ಲಿ ನೀರು ಬಂತು.

ಮುಗಿದ ಮೇಲೆ ಕೇಳಿದೆ, ಅದೇ ಅಲ್ಟ್ರಾಸೌಂಡ್, ಅಲ್ಲಿ ಯಾಕೆ ಕಾಣಲಿಲ್ಲ ಅಂತ. ಕೂರಿಸಿಕೊಂಡು ಹೇಳಿದರು. ಡಾಪ್ಲರ್‌ನಲ್ಲಿ ವೇಗದ ಅಳತೆ ಹೆಚ್ಚಿಟ್ಟರೆ ನಿಧಾನಕ್ಕೆ ಹರಿಯೋ ರಕ್ತ ತಪ್ಪಿ ಹೋಗುತ್ತೆ. ಕಾಂಟ್ರಾಸ್ಟ್‌ನಲ್ಲಿ ಮಷೀನಿನ ಶಕ್ತಿ ತೀರಾ ಕಡಿಮೆ ಇಡಬೇಕು, ಪರದೆ ಮೂಲೆಯಲ್ಲಿ ಎಂಐ ಅಂತ ಇರೋ ಸಂಖ್ಯೆ 0.1ರ ಆಸುಪಾಸು. ಹೆಚ್ಚಾದರೆ ಗುಳ್ಳೆ ಒಡೆದೇ ಹೋಗುತ್ತೆ. ಮಷೀನು ಒಂದು ಅಲೆ ಕಳಿಸಿ, ಹಿಂದೆಯೇ ಅದನ್ನೇ ತಲೆಕೆಳಗು ಮಾಡಿ ಇನ್ನೊಂದು ಕಳಿಸುತ್ತೆ. ಮಾಂಸದಿಂದ ಬಂದ ಎರಡೂ ಪ್ರತಿಧ್ವನಿ ಕೂಡಿದಾಗ ಹೆಚ್ಚುಕಮ್ಮಿ ಸೊನ್ನೆ ಆಗುತ್ತೆ, ಗುಳ್ಳೆಯದ್ದು ಮಾತ್ರ ಉಳಿಯುತ್ತೆ. ಗೇನ್ (ಚಿತ್ರದ ಹೊಳಪು) ಕೂಡ ಔಷಧ ಹಾಕೋ ಮುಂಚೆಯೇ ಹೊಂದಿಸಬೇಕಂತೆ. ಆಗಲೇ ಪರದೆ ಬೆಳ್ಳಗಿದ್ದರೆ ಆಮೇಲೆ ಬರೋ ಬಿಳುಪನ್ನು ನಂಬೋದು ಹೇಗೆ? ನಾಳದ ಕೆಳಗಿನ ಗೋಡೆಯಲ್ಲಿ ಕಾಣೋ ಹೊಳಪು ಎಷ್ಟೋ ಸಲ ಸುಳ್ಳು, ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ ಅಂತಲೂ ಹೇಳಿದರು. ಕ್ಯಾಲ್ಸಿಯಂ ನೆರಳು ಮಾತ್ರ ಇದರಿಂದಲೂ ಹೋಗಲ್ಲ. ಅದಕ್ಕೇ ಅವರು ಪ್ರೋಬನ್ನು ಮುಂದಿನಿಂದ, ಪಕ್ಕದಿಂದ, ಕಿವಿ ಹಿಂದಿನಿಂದ ಇಟ್ಟು ನೋಡ್ತಾನೇ ಇದ್ದರು.

ಕೊರತೆಯೂ ಇದೆ. ಫೋನಲ್ಲಿ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಬಂದ ಮೇಲೆ ನೋಡಿದರೆ ಕುತ್ತಿಗೆ ಸ್ಕ್ಯಾನ್‌ಗೆ ಅದು ಬೇಕಾಗೇ ಇರಲಿಲ್ಲ, ಹೊಟ್ಟೆಯೊಳಗಿನ ನಾಳ ನೋಡೋರಿಗೆ ಮಾತ್ರ. ಸಕ್ಕರೆ ಇರೋ ಮನುಷ್ಯ ಬೆಳಿಗ್ಗೆಯಿಂದ ಸುಮ್ನೆ ಉಪವಾಸ ಕೂತು ಎರಡು ತಾಸು ಕಾದರು, ಕೈ ನಡುಗ್ತಾ ಇತ್ತು. ಇದು ಸಣ್ಣ ತಪ್ಪಲ್ಲ. ಫೋನ್ ಎತ್ತೋರಿಗೆ ಯಾವ ಸ್ಕ್ಯಾನ್ ಅಂತ ಕೇಳೋದನ್ನು ಕಲಿಸಲಿ. ಕಾಯೋ ಜಾಗದಲ್ಲಿ ಕುರ್ಚಿ ಕಡಿಮೆ. ಸ್ಕ್ಯಾನ್ ನಡುವೆ ಎರಡು ಸಲ ಬಾಗಿಲು ತೆಗೆದು ಬೆಳಕು ಬಿಟ್ಟರು, ಅಷ್ಟು ಸಣ್ಣ ಚುಕ್ಕಿ ನೋಡುವಾಗ ಕೋಣೆ ಕತ್ತಲಾಗಿರಬೇಕು ಅಲ್ವಾ? ದುಡ್ಡು ಮಾಮೂಲಿ ಡಾಪ್ಲರ್‌ಗಿಂತ ಬಹಳ ಜಾಸ್ತಿ, ಬಾಟ್ಲಿ ಬೆಲೆಯನ್ನು ಮೊದಲೇ ಕೇಳಿಕೊಳ್ಳಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕಡಿಮೆ ಮಾಡಿದ ಒಂದು ಆ ಉಪವಾಸಕ್ಕೆ.

ಇನ್ನೊಂದು. ಪ್ರಿಂಟ್ ಹಾಳೆಯಲ್ಲಿ ನಿಂತ ಚಿತ್ರ ಎರಡೇ ಕೊಡ್ತಾರೆ, ಗುಳ್ಳೆ ಹರಿಯೋದು ಅದರಲ್ಲಿ ಕಾಣಲ್ಲ. ಪೆನ್ ಡ್ರೈವ್ ತಗೊಂಡು ಹೋಗಿ, ವಿಡಿಯೋ ಕೇಳಿ ಹಾಕಿಸಿಕೊಳ್ಳಿ. ನಮ್ಮ ಸರ್ಜನ್ ಅದನ್ನೇ ಮೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದರು, ರಿಪೋರ್ಟ್ ತೆರೆದಿದ್ದು ಆಮೇಲೆ.