ರಸಮಂಜರಿ ಸ್ಟೇಜಿನಲ್ಲಿ ಒಂಬತ್ತು ವರ್ಷ: ನಾಲ್ಕು ತಂತಿಯ ಸಾದಾ ಬೇಸ್ ಗಿಟಾರ್

ಈ ಬೇಸ್ ಗಿಟಾರನ್ನು ನಾನು 2016ರಲ್ಲಿ ಸೆಕೆಂಡ್ ಹ್ಯಾಂಡ್ 9,000 ರೂಪಾಯಿಗೆ ತಗೊಂಡೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಓದು ಮುಗಿಸಿ ಊರಿಗೆ ಹೋಗುವಾಗ ಮಾರಿದ್ದು. ಗಿಟಾರಿನ ತಲೆಭಾಗದ (ಹೆಡ್‌ಸ್ಟಾಕ್) ಮೇಲಿನ ಕಂಪನಿ ಹೆಸರನ್ನು ಅವನು ಉಜ್ಜಿ ತೆಗೆದು ಕಪ್ಪು ಬಣ್ಣ ಹೊಡೆದಿದ್ದ. ಹಾಗಾಗಿ ಇದು ಒಂದು ಕಂಪನಿಯ ವಿಮರ್ಶೆ ಅಲ್ಲ. ಪಿ-ಜೆ ಪಿಕಪ್ (ತಂತಿಯ ಸದ್ದನ್ನು ಹಿಡಿಯುವ ಕಾಯಿಲ್, ಮುಂದೆ ವಿವರಿಸುತ್ತೇನೆ) ಇರುವ, ಬ್ಯಾಟರಿ ಬೇಡದ, ನಾಲ್ಕು ತಂತಿಯ ಸಾದಾ ಬೇಸ್ ನಮ್ಮ ಕಡೆಯ ಸ್ಟೇಜುಗಳಲ್ಲಿ ಹೇಗೆ ಬಾಳುತ್ತದೆ ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ಹೊಸದಾಗಿ ಬೇಸ್ ಕಲಿಯುವ ಹುಡುಗರು ನನ್ನ ಹತ್ತಿರ ಬಂದು ಐದು ತಂತಿಯದು ತಗೊಳ್ಳಲಾ, ಬ್ಯಾಟರಿಯ ಆಕ್ಟಿವ್ ತಗೊಳ್ಳಲಾ ಅಂತ ಕೇಳುತ್ತಲೇ ಇರುತ್ತಾರೆ, ಅವರಿಗಾಗಿ ಇದು.

ಹಗಲು ನನ್ನ ಕೆಲಸ ಬೋರ್‌ವೆಲ್ ಮೋಟರ್ ರಿವೈಂಡಿಂಗ್. ಸಂಜೆ ಮತ್ತು ಸೀಸನ್‌ನಲ್ಲಿ ರಸಮಂಜರಿ. ನಮ್ಮ ತಂಡದಲ್ಲಿ ಯಾರೂ ಇದರಿಂದಲೇ ಹೊಟ್ಟೆ ಹೊರೆಯುವವರಲ್ಲ. ಒಬ್ಬರು ಮೇಷ್ಟ್ರು, ಒಬ್ಬರು ಮಂಡಿಯಲ್ಲಿ ಗುಮಾಸ್ತರು, ಹಾಡುವ ಅಕ್ಕ ನರ್ಸ್. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ, ಮದುವೆಯ ಆರತಕ್ಷತೆ, ಕರೆದಲ್ಲಿಗೆ ಹೋಗುತ್ತೇವೆ. ಹರಿಹರ, ಚನ್ನಗಿರಿ, ಚಳ್ಳಕೆರೆ, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆ ಈ ಗಿಟಾರ್ ನನ್ನ ಹೆಗಲ ಮೇಲೆ ತಿರುಗಿದೆ. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆ ದುಗ್ಗಮ್ಮನ ಜಾತ್ರೆಯ ಧೂಳನ್ನೂ ಕುಡಿದಿದೆ.

ಮೊದಲು ಬ್ಯಾಟರಿ ವಿಷಯ. ಆಕ್ಟಿವ್ ಬೇಸ್‌ನ ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ, ಅದರಿಂದ ತಗ್ಗು ಸದ್ದು (ಬೇಸ್), ಚೂಪು ಸದ್ದು (ಟ್ರೆಬಲ್) ಎರಡನ್ನೂ ಗಿಟಾರಿನಲ್ಲೇ ಏರಿಸಬಹುದು. ಕೇಳಲು ಚೆನ್ನಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೇಬಲ್ ಚುಚ್ಚಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ನಮ್ಮಲ್ಲಿ ಸಂಜೆ 5ಕ್ಕೆ ಸೌಂಡ್ ಚೆಕ್ ಮಾಡಿ, ಮುಖ್ಯ ಅತಿಥಿಗಳು ಬಂದು, ಸನ್ಮಾನ ಆಗಿ, ಭಾಷಣ ಮುಗಿದು, ಹಾಡು ಶುರುವಾಗುವಾಗ 8 ಗಂಟೆ. ರಾತ್ರಿ 10ಕ್ಕೆ ಮೈಕ್ ಬಂದ್ ಮಾಡಬೇಕು. ಆ ಎರಡು ಗಂಟೆಯ ಮಧ್ಯೆ ಬ್ಯಾಟರಿ ಸತ್ತರೆ ಹಳ್ಳಿಯಲ್ಲಿ ಎಲ್ಲಿಗೆ ಓಡುತ್ತೀರಿ? ನನ್ನ ಗಿಟಾರಿನಲ್ಲಿ ಎರಡು ವಾಲ್ಯೂಮ್, ಒಂದು ಟೋನ್, ಅಷ್ಟೇ. ಒಂಬತ್ತು ವರ್ಷದಲ್ಲಿ ಅದು ಸ್ಟೇಜ್ ಮೇಲೆ ಒಂದೇ ಸಲ ನಿಂತಿದೆ, ಅದನ್ನು ಮುಂದೆ ಹೇಳುತ್ತೇನೆ.

ಪಿಕಪ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ಹೊಟ್ಟೆಪಾಡಿನ ಕೆಲಸಕ್ಕೂ ಹತ್ತಿರದ್ದು. ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ಎನಾಮಲ್ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಆ ಕಾಯಿಲನ್ನು ಎರಡು ತುಂಡು ಮಾಡಿ ಕೂರಿಸಿದರು. ಒಂದು ತುಂಡು ದಪ್ಪ ತಂತಿಗಳ ಕೆಳಗೆ, ಇನ್ನೊಂದು ತೆಳು ತಂತಿಗಳ ಕೆಳಗೆ. ಒಂದರ ಸುತ್ತು ಇನ್ನೊಂದಕ್ಕೆ ಉಲ್ಟಾ, ಆಯಸ್ಕಾಂತವೂ ಉಲ್ಟಾ. ತಂತಿಯ ಸದ್ದು ಹಾಗೇ ಉಳಿಯುತ್ತದೆ, ಹೊರಗಿನ ಕರೆಂಟಿನ ಗುಂಯ್ ಸದ್ದು ಒಂದಕ್ಕೊಂದು ಹೊಡೆದು ಹೋಗುತ್ತದೆ. ಪಿ-ಜೆ ಅನ್ನುವುದರಲ್ಲಿ ಪಿ ಇದು. ಜೆ ಅನ್ನುವುದು 1960ರ ಜಾಝ್ ಬೇಸ್‌ನಿಂದ ಬಂದ ಒಂಟಿ ಕಾಯಿಲ್, ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಹತ್ತಿರ ಇರುತ್ತದೆ, ಸದ್ದು ಸ್ವಲ್ಪ ಚೂಪು. ಒಂಟಿಯಾದ್ದರಿಂದ ಅದು ಗುಂಯ್‌ಗುಡುತ್ತದೆ.

ಪೆಂಡಾಲಿನಲ್ಲಿ ಈ ಗುಂಯ್ ಸಣ್ಣ ವಿಷಯ ಅಲ್ಲ. ಸೀರಿಯಲ್ ಸೆಟ್, ಡಿಮ್ಮರ್, ಎಲ್‌ಇಡಿ ಲೈಟು, ಪಕ್ಕದಲ್ಲೇ ಜನರೇಟರ್. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅಲುಗುತ್ತದೆ. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಬರುವ ಜಿ ಸ್ವರ 49 ಹರ್ಟ್ಸ್. ಅಂದರೆ ಗುಂಯ್ ಸದ್ದು ಹೆಚ್ಚುಕಡಿಮೆ ನಮ್ಮ ಜಿ ಸ್ವರದ ಪಕ್ಕದಲ್ಲೇ, ಕೂದಲೆಳೆ ಮೇಲೆ, ಅಪಶ್ರುತಿಯಾಗಿ ನಿಂತಿರುತ್ತದೆ. ನಿಧಾನದ ಹಾಡಿನಲ್ಲಿ ಜಿ ಹಿಡಿದು ನಿಂತರೆ ಎರಡೂ ಸೇರಿ ಅಲೆಅಲೆಯಾಗಿ ನಡುಗುವುದು ಕೇಳಿಸುತ್ತದೆ. ಅದಕ್ಕೇ ಪೆಂಡಾಲಿನಲ್ಲಿ ನಾನು ಜೆ ವಾಲ್ಯೂಮನ್ನು ಪೂರ್ತಿ ಮುಚ್ಚುತ್ತೇನೆ, ಟೋನ್ ಅರ್ಧ. ಕಲ್ಯಾಣಮಂಟಪದೊಳಗೆ ವೈರಿಂಗ್ ಚೆನ್ನಾಗಿದ್ದರೆ ಜೆ ಕಾಲು ಭಾಗ ತೆರೆಯುತ್ತೇನೆ. ಒಂಬತ್ತು ವರ್ಷದಲ್ಲಿ ನನಗೆ ಬೇಕಾದ ಸೆಟ್ಟಿಂಗ್ ಇವೆರಡೇ.

ಗುಂಯ್‌ಗಿಂತ ದೊಡ್ಡ ವಿಷಯ ಶಾಕ್. ಇದನ್ನು ದಯವಿಟ್ಟು ಓದಿ. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಕೇಬಲ್‌ನ ಹೊರಜಾಲರಿಗೆ, ಅಲ್ಲಿಂದ ಆಂಪ್‌ನ (ಸದ್ದು ಏರಿಸುವ ಆಂಪ್ಲಿಫೈಯರ್) ಅರ್ಥಿಂಗ್‌ಗೆ ಸೇರಿರುತ್ತವೆ. ಆಂಪ್ ಒಂದು ಲೈನಿನಲ್ಲಿ, ಎಲ್ಲರ ಸದ್ದು ಸೇರಿಸುವ ಮಿಕ್ಸರ್ ಇನ್ನೊಂದರಲ್ಲಿ ಇದ್ದು ಎರಡಕ್ಕೂ ಸರಿಯಾದ ಅರ್ಥ್ ಇಲ್ಲದಿದ್ದರೆ, ಕೈ ತಂತಿಯ ಮೇಲಿಟ್ಟು ಕೋರಸ್ ಹಾಡಲು ತುಟಿ ಮೈಕಿಗೆ ತಾಗಿಸಿದ ಕೂಡಲೇ ಕರೆಂಟ್ ನಿಮ್ಮ ಮೂಲಕ ಹೋಗುತ್ತದೆ. ಒಂದು ಹಳ್ಳಿಯಲ್ಲಿ ನನಗೆ ಹಾಗೆ ಆಯಿತು, ತುಟಿ ಎರಡು ದಿನ ಮರಗಟ್ಟಿತ್ತು. ಕರೆಂಟಿನ ಕೆಲಸ ಮಾಡುವ ನಾನೇ ನೋಡಿಕೊಳ್ಳಲಿಲ್ಲವಲ್ಲ ಅಂತ ಬಹಳ ಬೇಜಾರಾಯಿತು. ಆವತ್ತಿನಿಂದ ಬ್ಯಾಗಿನಲ್ಲಿ ಮಲ್ಟಿಮೀಟರ್ ಇದೆ. ನುಡಿಸುವ ಮೊದಲು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಒಮ್ಮೆ 90 ವೋಲ್ಟ್ ತೋರಿಸಿತು. ಜನರೇಟರ್ ಹುಡುಗನನ್ನು ಕರೆದು ಅರ್ಥ್ ರಾಡ್ ಹೊಡೆಸಿ, ನೀರು ಹಾಕಿಸಿ, ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿಸಿದೆ. ಸೊನ್ನೆಗೆ ಬಂದ ಮೇಲೇ ಗಿಟಾರ್ ಹೆಗಲಿಗೆ ಹಾಕಿದೆ. ಸಂಘಟಕರು ಲೇಟಾಯಿತು ಅಂತ ಕೂಗಾಡಿದರು, ಕೂಗಾಡಲಿ.

ಇನ್ನು ಐದನೇ ತಂತಿ ಬೇಕಾ? ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ ಸ್ವರವೇ ಸುಮಾರು 41 ಹರ್ಟ್ಸ್. ಐದನೇ ತಂತಿಯ ಬಿ 31ರ ಹತ್ತಿರ. ಊರ ಗಣಪತಿಗೆ ಬರುವ ಸ್ಪೀಕರ್ ಬಾಕ್ಸುಗಳಲ್ಲಿ ಎಷ್ಟೋ 60 ಹರ್ಟ್ಸ್‌ಗಿಂತ ಕೆಳಗೆ ಸುಸ್ತಾಗಿಬಿಡುತ್ತವೆ. ಅಲ್ಲಿ ಬಿ ನುಡಿಸಿದರೆ ಬಾಕ್ಸಿನ ಹಾಳೆ ಪಟಪಟ ಅನ್ನುತ್ತದೆಯೇ ಹೊರತು ಸ್ವರ ಕೇಳಿಸುವುದಿಲ್ಲ. ಡಿ ಶ್ರುತಿಯ ಹಾಡು ಬಂದರೆ ದಪ್ಪ ತಂತಿಯನ್ನು ಇ ಇಂದ ಡಿ ಗೆ ಇಳಿಸುತ್ತೇನೆ, ಕೆಲಸ ಮುಗಿಯಿತು. ದೊಡ್ಡ ಸಬ್‌ವೂಫರ್ ಬರುವ ಕಾರ್ಯಕ್ರಮಗಳಿಗೇ ಹೋಗುವವರ ಲೆಕ್ಕ ಬೇರೆ ಇರಬಹುದು.

ನಮ್ಮ ಕಡೆ ಬೇಸ್ ಗಿಟಾರ್ ಇಲ್ಲದೆಯೇ ರಸಮಂಜರಿ ನಡೆಯುತ್ತದೆ ಅನ್ನುವುದು ನಿಮಗೂ ಗೊತ್ತಲ್ವಾ? ಕೀಬೋರ್ಡ್‌ನವರು ಎಡಗೈಯಲ್ಲಿ ಬೇಸ್ ಹಿಡಿಯುತ್ತಾರೆ, ಇಲ್ಲದಿದ್ದರೆ ಟ್ರ್ಯಾಕ್ ಹಾಕಿ ಮೇಲೆ ಹಾಡುತ್ತಾರೆ. ನಾನು ತಂಡಕ್ಕೆ ಸೇರಿದ ಹೊಸದರಲ್ಲಿ ನನ್ನ ಬೇಸ್ ಮತ್ತು ನಮ್ಮ ಕೀಬೋರ್ಡ್ ಅಣ್ಣನ ಎಡಗೈ ಎರಡೂ ಒಂದೇ ಜಾಗದಲ್ಲಿ ಕೆಸರು ಮಾಡುತ್ತಿದ್ದವು. ಗಿಟಾರೇ ಸರಿಯಿಲ್ಲ ಅಂತ ನಾನು ಆರು ತಿಂಗಳು ಅಂದುಕೊಂಡಿದ್ದೆ, ಮಾರಲೂ ಹೊರಟಿದ್ದೆ. ಕೊನೆಗೆ ಒಂದು ದಿನ ರಿಹರ್ಸಲ್‌ನಲ್ಲಿ ಧೈರ್ಯ ಮಾಡಿ ಕೇಳಿದೆ. "ಅಣ್ಣಾ, ಎಡಗೈ ಸ್ವಲ್ಪ ಮೇಲೆ ಇಟ್ಕಳ್ರಿ, ಕೆಳಗಿಂದು ನಾ ನೋಡ್ಕಂತೀನಿ." ಅವರು ನಕ್ಕು, "ಇಪ್ಪತ್ತು ವರ್ಷದಿಂದ ಅಲ್ಲೇ ಕುಂತೈತಪ್ಪ ಆ ಕೈ, ಎಬ್ಬಿಸ್ತೀನಿ ತಡಿ" ಅಂದರು. ಎಬ್ಬಿಸಿದರು. ಅವತ್ತು ಅದೇ ಗಿಟಾರ್, ಅದೇ ಆಂಪ್, ಅದೇ ಹಳೇ ತಂತಿ, ಆದರೆ ರೂಮಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಡ್ರಮ್ ಪ್ಯಾಡ್ ನುಡಿಸುವ ತಮ್ಮನ ಕಿಕ್ (ದೊಡ್ಡ ಡ್ರಮ್ಮಿನ ಏಟು) ಮತ್ತು ನನ್ನ ತಂತಿ ಒಟ್ಟಿಗೆ ಬಿದ್ದಾಗ ಎದೆಗೆ ತಾಗುವ ಆ ಏಟು ನನಗೆ ಈಗಲೂ ನೆನಪಿದೆ.

ಇನ್ನೊಂದು ಮಾತು ಹೊಸಬರಿಗೆ. ಹಾಡುವವರು ಶ್ರುತಿ ಕಪ್ಪು ಒಂದು (ಸಿ ಶಾರ್ಪ್) ಅಂದರೆ ಕೀಬೋರ್ಡ್‌ನವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಬಿಳಿ ಒಂದರಲ್ಲೇ (ಸಿ) ಬೆರಳು ಓಡಿಸುತ್ತಾರೆ. ಅವರ ಬೆರಳು ನೋಡಿ ನುಡಿಸಿದರೆ ನೀವು ಅರ್ಧ ಸ್ವರ ಕೆಳಗೆ. ಕಿವಿ ನಂಬಿ. ಬೇಸ್‌ನಲ್ಲಿ ಒಂದು ಫ್ರೆಟ್ ಮೇಲೆ ಸರಿದರೆ ಆಯಿತು, ಬೆರಳಿನ ಆಕಾರ ಬದಲಾಗುವುದಿಲ್ಲ. ಖಾಲಿ (ಫ್ರೆಟ್ ಒತ್ತದೆ ನುಡಿಸುವ) ತಂತಿಗಳ ಮೇಲೆ ಜಾಸ್ತಿ ಅವಲಂಬಿಸದೆ ಕಲಿತರೆ ಒಳ್ಳೆಯದು ಅನ್ನುವುದು ಇದಕ್ಕೇ.

ಈಗ ತೊಂದರೆಗಳು. ಸ್ಟೇಜ್ ಮೇಲೆ ಒಂದು ಸಲ ನಿಂತದ್ದು ಜಾಕ್‌ನಿಂದ. ಕೇಬಲ್ ಚುಚ್ಚುವ ಜಾಕ್‌ನ ನಟ್ ಸಡಿಲವಾಗಿ, ಒಳಗೆ ಜಾಕ್ ತಿರುಗಿ ತಿರುಗಿ ವೈರ್ ಕಿತ್ತುಹೋಗಿತ್ತು. ಚಿತ್ರದುರ್ಗದ ಒಂದು ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೇ ಸದ್ದು ಬಂದ್. ಮನೆಗೆ ಬಂದು ಸೋಲ್ಡರ್ ಮಾಡಿ ಹಲ್ಲಿನ ವಾಷರ್ ಹಾಕಿದೆ, ಆಮೇಲೆ ತೊಂದರೆ ಇಲ್ಲ. ಕೇಬಲನ್ನು ಸ್ಟ್ರಾಪಿನ ಒಳಗಿಂದ ಒಂದು ಸುತ್ತು ತಂದು ಚುಚ್ಚಿ, ಯಾರಾದರೂ ತುಳಿದರೂ ಜಾಕ್‌ಗೆ ಎಳೆತ ಬೀಳುವುದಿಲ್ಲ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಸ್ಟ್ರಾಪ್ ಬಟನ್‌ನ ಸ್ಕ್ರೂ ಸಡಿಲಾದಾಗ ತೂತಿಗೆ ಬೆಂಕಿಕಡ್ಡಿ ಮತ್ತು ಫೆವಿಕಾಲ್ ತುಂಬಿ ಮತ್ತೆ ಬಿಗಿದೆ, ಐದು ವರ್ಷದಿಂದ ಅಲ್ಲಾಡಿಲ್ಲ.

ತೂಕ ನಾಲ್ಕು ಕೇಜಿಗೆ ಸ್ವಲ್ಪ ಮೇಲೆ. ತಲೆ ಭಾರ, ಕೈಬಿಟ್ಟರೆ ನೆಕ್ (ಕತ್ತು) ಕೆಳಗೆ ಬಾಗುತ್ತದೆ. ಮೊದಲ ವರ್ಷ ಎರಡು ಇಂಚಿನ ನೈಲಾನ್ ಸ್ಟ್ರಾಪ್ ಹಾಕಿ ಎಡ ಹೆಗಲು ನೋವು ತಂದುಕೊಂಡೆ. ಅಗಲದ ಚರ್ಮದ ಸ್ಟ್ರಾಪ್ ಹಾಕಿದ ಮೇಲೆ ಎರಡೂ ಹೋದವು. ಚರ್ಮದ ಒರಟು ಬದಿ ಅಂಗಿಗೆ ಹಿಡಿದುಕೊಳ್ಳುತ್ತದೆ, ಗಿಟಾರ್ ಜಾರುವುದಿಲ್ಲ.

ಬೇಸಿಗೆಯಲ್ಲಿ ನಮ್ಮ ಊರಿನ ಒಣ ಬಿಸಿಲು, ಗಣಪತಿ ಸೀಸನ್‌ನಲ್ಲಿ ಮಳೆ. ಮರ ಎರಡಕ್ಕೂ ಸ್ಪಂದಿಸುತ್ತದೆ. ವರ್ಷಕ್ಕೆ ಎರಡು ಸಲ ನೆಕ್ ನೋಡುತ್ತೇನೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಜಾಸ್ತಿ ಇದ್ದರೆ ನೆಕ್ ಒಳಗೆ ಬಾಗು ಸರಿಪಡಿಸುವ ಟ್ರಸ್ ರಾಡನ್ನು ಕಾಲು ಸುತ್ತು ಬಿಗಿ, ಸಂದೇ ಇಲ್ಲದಿದ್ದರೆ ಕಾಲು ಸುತ್ತು ಸಡಿಲ. ಒಂದೇ ದಿನ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಮರಕ್ಕೆ ಕೂರಲು ಒಂದು ರಾತ್ರಿ ಕೊಡಿ. ಬೀಗ ಹಾಕಿದ ಕಾರಿನಲ್ಲಿ ಮಧ್ಯಾಹ್ನ ಬಿಡಲೇಬೇಡಿ.

ತಂತಿಗಳೇ ದೊಡ್ಡ ಖರ್ಚು. ಇಲ್ಲಿ ಅಂಗಡಿಯಲ್ಲಿ ಸಾದಾ ಗಿಟಾರಿನ ತಂತಿ ಸಿಗುತ್ತದೆ, ಬೇಸ್‌ನದು ನಾನು ಕೇಳಿದಾಗಲೆಲ್ಲ ಇರುವುದಿಲ್ಲ. ಆನ್‌ಲೈನ್ ಅಥವಾ ಬೆಂಗಳೂರಿಗೆ ಹೋದವರ ಕೈಲಿ ತರಿಸುತ್ತೇನೆ. 45ರಿಂದ 105ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಮೊದಲೆಲ್ಲ ದುಂಡು ಸುತ್ತಿನ (ರೌಂಡ್‌ವೂಂಡ್) ನಿಕ್ಕಲ್ ತಂತಿ ಹಾಕುತ್ತಿದ್ದೆ, ಬೆವರಿಗೆ ನಾಲ್ಕು ತಿಂಗಳಿಗೆ ಸದ್ದು ಸತ್ತುಹೋಗುತ್ತಿತ್ತು. ಬಿಚ್ಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒರೆಸಿ ಒಣಗಿಸಿದರೆ ಕೆಲವು ವಾರ ಮತ್ತೆ ಜೀವ ಬರುತ್ತದೆ, ಆದರೆ ಅದು ತಾತ್ಕಾಲಿಕ. 2020ರಲ್ಲಿ ಕಾರ್ಯಕ್ರಮಗಳೆಲ್ಲ ನಿಂತುಹೋದಾಗ ಮನೆಯಲ್ಲಿ ಕೂತು ಚಪ್ಪಟೆ ಸುತ್ತಿನ ಫ್ಲಾಟ್‌ವೂಂಡ್ ಹಾಕಿ ನೋಡಿದೆ. ಬೆಲೆ ದುಪ್ಪಟ್ಟು. ಆದರೆ ಅದೇ ಸೆಟ್ ಇವತ್ತಿಗೂ ಇದೆ! ಸದ್ದು ದುಂಡಗೆ, ಬೆರಳು ಸರಿದಾಗ ಕಿರಕಿರಿ ಇಲ್ಲ, ಎಂಬತ್ತು ತೊಂಬತ್ತರ ದಶಕದ ಹಾಡುಗಳಿಗೆ ಹೇಳಿ ಮಾಡಿಸಿದ ಹಾಗೆ. ಈಗಿನ ಚುರುಕು ಹಾಡುಗಳಿಗೆ ಸ್ವಲ್ಪ ಮೊಂಡು ಅನ್ನಿಸುತ್ತದೆ, ಅವಕ್ಕೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಳಸುತ್ತೇನೆ.

ಇದೇ ಬೆಲೆಗೆ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬಣ್ಣ ನೋಡಬೇಡಿ. ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದಾ ನೋಡಿ, ಅದು ಸತ್ತಿದ್ದರೆ ಬಿಟ್ಟುಬಿಡಿ. ಪ್ರತಿ ಫ್ರೆಟ್‌ನಲ್ಲೂ ನಾಲ್ಕೂ ತಂತಿ ನುಡಿಸಿ. ಮಿಕ್ಕಿದ್ದೆಲ್ಲ ರಿಪೇರಿ ಆಗುತ್ತದೆ. ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ತಂತಿ, ಡಿಐ ಬಾಕ್ಸ್ (ಗಿಟಾರಿನ ಸಿಗ್ನಲನ್ನು ನೇರ ಮಿಕ್ಸರ್‌ಗೆ ಕಳಿಸುವ ಡಬ್ಬಿ) ಮತ್ತು ಮಲ್ಟಿಮೀಟರ್ ತಗೊಳ್ಳಿ. ಮನೆಯಲ್ಲಿ ಅಭ್ಯಾಸಕ್ಕೆ 25 ವ್ಯಾಟಿನ ಆಂಪ್ ಸಾಕು, ಸ್ಟೇಜಿಗೆ ಅದು ನಿಮಗೆ ಕೇಳಿಸಲಷ್ಟೇ, ಜನಕ್ಕೆ ಡಿಐ ಮೂಲಕ ಮಿಕ್ಸರ್‌ನಿಂದಲೇ ಹೋಗಬೇಕು.

ನನ್ನ ಗಿಟಾರಿನಲ್ಲಿ ಈಗ ಮೂರನೇ ಮತ್ತು ಐದನೇ ಫ್ರೆಟ್ ಹಳ್ಳ ಬಿದ್ದಿವೆ, ಹಳೇ ನಿಕ್ಕಲ್ ತಂತಿಗಳು ತಿಂದದ್ದು. ಅಲ್ಲಿ ಸ್ವರ ಸ್ವಲ್ಪ ಝೇಂಕರಿಸುತ್ತದೆ. ಹೊಸ ಫ್ರೆಟ್ ಹೊಡೆಸಲು ಬೆಂಗಳೂರಿಗೆ ಕೊಡಬೇಕು, ಎರಡು ಮೂರು ವಾರ ಬಿಟ್ಟಿರಬೇಕು. ರಾಜ್ಯೋತ್ಸವದ ಕಾರ್ಯಕ್ರಮಗಳು ನವೆಂಬರ್ ಪೂರ್ತಿ ಇರುತ್ತವೆ, ಆಗ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಕೊಟ್ಟು ಬರುತ್ತೇನೆ.