ಬೆಕ್ಕಿಗೆ ಮನೆಬಾಗಿಲಿಗೆ ಬರುವ ಹಸಿಮಾಂಸ: ಮಂಗಳೂರಿನಲ್ಲಿ ಆರು ತಿಂಗಳ ಅನುಭವ

ನಮ್ಮ ಊರಿನಲ್ಲಿ ಬೆಕ್ಕಿನ ಊಟವೆಂದರೆ ಹೆಚ್ಚಿನ ಮನೆಗಳಲ್ಲಿ ಭೂತಾಯಿ ಅಥವಾ ಬಂಗುಡೆಯ ತಲೆ, ಜೊತೆಗೆ ಒಂದು ಮುಷ್ಟಿ ಅನ್ನ. ಉರ್ವದ ನಮ್ಮ ಮನೆಯಲ್ಲಿ ಆರು ವರ್ಷದ ಬೊಳ್ಳಿಯೂ ಹಾಗೆಯೇ ಬೆಳೆದಳು. ಹಸಿ ಭೂತಾಯಿಯನ್ನೂ ಬಂಗುಡೆಯನ್ನೂ ದಿನನಿತ್ಯ ತಿನ್ನಿಸಿದರೆ ಅವುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ವಿಟಮಿನ್ ಬಿ1 ಅನ್ನು ನಾಶಮಾಡುತ್ತದೆ, ಕೊರತೆ ತೀವ್ರವಾದರೆ ಬೆಕ್ಕಿನ ನರಗಳಿಗೆ ಪೆಟ್ಟು ಬೀಳುತ್ತದೆ ಎಂದು ಪಶುವೈದ್ಯರು ತಿಳಿಸಿದ ಮೇಲೆ ನಾನು ಬೇರೆ ದಾರಿ ಹುಡುಕಿದೆ. ಬೆಕ್ಕುಗಳಿಗೆಂದೇ ಹಸಿಮಾಂಸದ ಆಹಾರವನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಹೆಪ್ಪುಗಟ್ಟಿಸಿ, ವಾರಕ್ಕೊಮ್ಮೆ ಮನೆಗೆ ತಲುಪಿಸುವವರು ನಗರದಲ್ಲೇ ಇದ್ದಾರೆ. ಜೂನ್ ತಿಂಗಳಿನಿಂದ ಅವರಿಂದಲೇ ತರಿಸುತ್ತಿದ್ದೇನೆ. ಒಂದು ದೂರು ಇರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಬರೀ ಕೋಳಿಮಾಂಸವನ್ನು ಕೊಚ್ಚಿ ಪೊಟ್ಟಣ ಕಟ್ಟಿದರೆ ಅದು ಬೆಕ್ಕಿಗೆ ಪೂರ್ಣ ಆಹಾರವಾಗುವುದಿಲ್ಲ. ಎಲುಬಿಲ್ಲದ ಮಾಂಸದಲ್ಲಿ ರಂಜಕವು ಸುಣ್ಣದಂಶಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನೇ ತಿಂಗಳುಗಟ್ಟಲೆ ತಿಂದ ಬೆಕ್ಕಿನ ದೇಹವು ತನ್ನ ಮೂಳೆಯಿಂದಲೇ ಸುಣ್ಣವನ್ನು ಕರಗಿಸಿ ತೆಗೆದುಕೊಳ್ಳುತ್ತದೆ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಅಕ್ಷಿಪಟ ಹಾಳಾಗುವುದು 1975ರಲ್ಲಿ ತಿಳಿದುಬಂದರೆ, ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಕಾಯಿಲೆಗೂ ಅದೇ ಕಾರಣವೆಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ನಾನು ಕೊಳ್ಳುವ ಪೊಟ್ಟಣದಲ್ಲಿ ಎಲುಬುಸಹಿತ ಅರೆದ ಕೋಳಿಯ ತೊಡೆ, ಟಾರಿನ್ ಹೇರಳವಾಗಿರುವ ಕೋಳಿಯ ಹೃದಯ, ಶೇ. 5ರಷ್ಟು ಲಿವರ್, ಮೊಟ್ಟೆಯ ಹಳದಿ, ಇವಲ್ಲದೆ ಪ್ರತ್ಯೇಕವಾಗಿ ಸೇರಿಸಿದ ಟಾರಿನ್, ವಿಟಮಿನ್ ಇ ಮತ್ತು ಬಿ1 ಇವೆ. ಲಿವರ್ ಅಗ್ಗವೆಂದು ಹೆಚ್ಚು ಸುರಿದಿಲ್ಲ ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ. ವಿಟಮಿನ್ ಎ ಮಿತಿಮೀರಿದರೆ ಬೆಕ್ಕಿನ ಕತ್ತಿನ ಮೂಳೆಗಳು ಬೆಸೆದುಕೊಂಡು ಅದು ತಲೆ ತಿರುಗಿಸಲಾರದ ಸ್ಥಿತಿಗೆ ಬರುತ್ತದೆ. ಎಲುಬು ಎಷ್ಟು ನುಣ್ಣಗೆ ಅರೆದಿದೆಯೆಂದರೆ, ಕರಗಿದ ಮಾಂಸವನ್ನು ಬೆರಳುಗಳ ನಡುವೆ ಉಜ್ಜಿದಾಗ ಸಣ್ಣ ರವೆಯಂತಹ ಕಣಗಳು ಮಾತ್ರ ಸಿಗುತ್ತವೆ, ಚುಚ್ಚುವ ಚೂರು ಒಂದೂ ಇರುವುದಿಲ್ಲ.

ಬೊಳ್ಳಿ ಮೊದಲ ದಿನ ಮೂಸಿ ನೋಡಿ ಹೊರಟುಹೋದಳು. ಫ್ರಿಡ್ಜಿನಿಂದ ತೆಗೆದ ತಣ್ಣನೆಯ ಮಾಂಸವನ್ನು ಇಟ್ಟದ್ದು ನನ್ನದೇ ತಪ್ಪು. ಪೊಟ್ಟಣವನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಹಳೆಯ ಆಹಾರದೊಡನೆ ಬೆರೆಸಿ, ಎರಡು ವಾರಗಳಲ್ಲಿ ಪೂರ್ತಿ ಬದಲಾಯಿಸಿದೆ. ಈಗ ಅವಳ ಮಲ ಗಟ್ಟಿಯಾಗಿದೆ, ಪ್ರಮಾಣ ಕಡಿಮೆ, ವಾಸನೆಯೂ ಇಲ್ಲವೆನ್ನುವಷ್ಟು. ನೀರಿನ ಬಟ್ಟಲಿನ ಹತ್ತಿರ ಹೋಗುವುದು ಅಪರೂಪವಾಗಿದೆ, ಮಾಂಸದಲ್ಲೇ ಶೇ. 70ರಷ್ಟು ನೀರಿರುವುದರಿಂದ ಅದು ಚಿಂತೆಯ ವಿಷಯವಲ್ಲ. ನಾಲ್ಕು ಕಿಲೋ ತೂಕದ ಅವಳಿಗೆ ದಿನಕ್ಕೆ 120 ಗ್ರಾಂ ಸಾಕಾಗುತ್ತದೆ. ಅರ್ಧ ಕಿಲೋಗೆ 240 ರೂಪಾಯಿ, ಅಂದರೆ ತಿಂಗಳಿಗೆ ಸುಮಾರು 1,730 ರೂಪಾಯಿ. ಎರಡು ಮೂರು ಬೆಕ್ಕುಗಳಿರುವವರಿಗೆ ಇದು ಭಾರವೇ.

ದೂರು ಇರುವುದು ಸಾಗಣೆಯ ಬಗ್ಗೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಬಂದ ನಾಲ್ಕು ಪೊಟ್ಟಣಗಳಲ್ಲಿ ಎರಡರ ಒಂದು ಮೂಲೆಯಲ್ಲಿ ತೆಳುಗೆಂಪು ಮಂಜಿನ ಹಾಳೆ ಕಟ್ಟಿತ್ತು. ಮಾಂಸ ಒಮ್ಮೆ ಕರಗಿ, ಅದರ ರಸ ಕೆಳಗಿಳಿದು, ಮತ್ತೆ ಹೆಪ್ಪುಗಟ್ಟಿದ್ದರ ಗುರುತು ಅದು. ಫೋನು ಮಾಡಿ ಕೇಳಿದಾಗ, ಮಳೆಗೆ ಹಿಂದಿನ ರಾತ್ರಿ ಕರೆಂಟು ಹೋಗಿತ್ತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು ಎರಡನ್ನೂ ಬದಲಾಯಿಸಿಕೊಟ್ಟರು. ಅವರ ನಡತೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ಗಮನಿಸದಿದ್ದರೆ ಅದೇ ಮಾಂಸ ಬೊಳ್ಳಿಯ ತಟ್ಟೆಗೆ ಹೋಗುತ್ತಿತ್ತು. ಹೆಪ್ಪುಗಟ್ಟಿಸುವುದರಿಂದ, ಹಸಿಮಾಂಸದಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತದೆ ಅಷ್ಟೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕರಗಿದ ಮಾಂಸದಲ್ಲಿ ಅದು ಹೆಚ್ಚಲು ಕೆಲವು ಗಂಟೆಗಳು ಸಾಕು. ತಯಾರಿಸಿದ ದಿನಾಂಕವನ್ನು ಮುದ್ರಿಸಿ ಎಂದು ಮೂರು ಬಾರಿ ಕೇಳಿದರೂ ಪೊಟ್ಟಣದ ಮೇಲೆ ಇಂದಿಗೂ "ಮೂರು ತಿಂಗಳೊಳಗೆ ಬಳಸಿ" ಎಂಬ ಸಾಲು ಮಾತ್ರವಿದೆ. ಯಾವ ದಿನದಿಂದ ಮೂರು ತಿಂಗಳು?

ಹಕ್ಕಿಜ್ವರದ ವಿಷಯವನ್ನೂ ನಾನು ಅವರಲ್ಲಿ ಎತ್ತಿದ್ದೆ. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ವನ್ಯಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ಸಿನ ಸೋಂಕಿನಿಂದ ಸತ್ತವು. ಅದೇ ತಿಂಗಳು ಅಮೆರಿಕದ ಓರೆಗಾನ್‌ನಲ್ಲಿ ಸೋಂಕಿದ್ದ ಹಸಿ ಆಹಾರ ತಿಂದು ಒಂದು ಸಾಕುಬೆಕ್ಕು ಸತ್ತಿತು. ಈ ವೈರಸ್ಸಿಗೂ ಹೆಪ್ಪುಗಟ್ಟಿಸುವುದು ಪರಿಹಾರವಲ್ಲ, ಬೇಯಿಸುವುದೊಂದೇ ಪರಿಹಾರ. ಸುತ್ತಮುತ್ತ ಎಲ್ಲಾದರೂ ಸೋಂಕಿನ ಸುದ್ದಿ ಬಂದರೆ ತಯಾರಿಕೆಯನ್ನೇ ನಿಲ್ಲಿಸುತ್ತೇವೆ ಎಂದು ಉತ್ತರ ಬಂತು. ಆ ಮಾತನ್ನು ನಂಬಿದ್ದೇನೆ, ಆದರೂ ಅಂತಹ ಸುದ್ದಿ ಬಂದ ದಿನ ಅವರ ಫೋನಿಗೆ ಕಾಯದೆ ಕೋಳಿಯನ್ನು ಎಲುಬು ತೆಗೆದು ಬೇಯಿಸಿ ಕೊಡುತ್ತೇನೆ. ಬೇಯಿಸಿದ ಎಲುಬು ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುವುದರಿಂದ ಅದನ್ನು ಎಂದೂ ಕೊಡಬಾರದು.

ಮನೆಯಲ್ಲಿ ಹಸುಗೂಸು, ಬಸುರಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಈ ಆಹಾರವನ್ನು ತರಿಸಬೇಡಿ ಎಂದೇ ಹೇಳುತ್ತೇನೆ. ಮೂತ್ರಪಿಂಡದ ತೊಂದರೆಯಿರುವ ಬೆಕ್ಕಿಗೂ ಇದು ಹೊಂದುವುದಿಲ್ಲ. ನಮ್ಮಲ್ಲಿ ಅಮ್ಮನಿಗೆ ಎಪ್ಪತ್ತೆಂಟು ವರ್ಷವಾದ್ದರಿಂದ ಬೊಳ್ಳಿಯ ತಟ್ಟೆ, ಚಮಚಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದಿಲ್ಲ. ಹಿತ್ತಿಲ ನಲ್ಲಿಯಲ್ಲಿ ಸೋಪು ಹಾಕಿ ತೊಳೆದು ಕುದಿಯುವ ನೀರು ಸುರಿಯುತ್ತೇನೆ. ಅರ್ಧ ಗಂಟೆಯೊಳಗೆ ತಿನ್ನದೆ ಉಳಿದದ್ದನ್ನು ಎಸೆಯುತ್ತೇನೆ.

ಒಳಗಿನ ಆಹಾರಕ್ಕೆ ಐದರಲ್ಲಿ ನಾಲ್ಕೂವರೆ, ಸಾಗಣೆಗೆ ಎರಡು ಅಂಕ ಕೊಡುತ್ತೇನೆ. ಆಗಸ್ಟ್‌ನಿಂದ ಮನೆಗೆ ತರಿಸುವುದನ್ನು ಬಿಟ್ಟು, ಮೀನಿಗೆ ಹೋಗುವಾಗ ಒಯ್ಯುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿಕೊಂಡು ಶನಿವಾರ ಬೆಳಿಗ್ಗೆ ನಾನೇ ಹೋಗಿ ತರುತ್ತಿದ್ದೇನೆ. ಅವರು ಫ್ರೀಜರಿನಿಂದ ತೆಗೆದ ಪ್ರತಿಯೊಂದು ಪೊಟ್ಟಣವನ್ನೂ ಬೆಳಕಿಗೆ ಹಿಡಿದು, ಮೂಲೆಯಲ್ಲಿ ಆ ತೆಳುಗೆಂಪು ಮಂಜು ಇಲ್ಲವೆಂದು ನೋಡಿಕೊಂಡೇ ಹಣ ಕೊಡುತ್ತೇನೆ.