ಸ್ಲೀವ್ ಆಪರೇಷನ್ ಆದವರ ಊಟದ ಪ್ಲ್ಯಾನ್: ಮಡಿಕೇರಿಯಲ್ಲಿ ಕೂತು ವರ್ಷದ ಮೇಲೆ ಬಳಸಿದ್ದು

ಐದರಲ್ಲಿ ಮೂರೂವರೆ ಸ್ಟಾರ್. ಮೊದಲ ಆರು ತಿಂಗಳಿನದ್ದು ಮಾತ್ರ ಕೇಳಿದರೆ ಐದಕ್ಕೆ ಐದೂ ಕೊಡುತ್ತೇನೆ.

ಸ್ಲೀವ್ ಅಂದರೆ ತೂಕ ಇಳಿಸಲು ಜಠರದ ಬಹುಭಾಗ ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್. ಅಂಥ ತೂಕ ಇಳಿಸುವ ಆಪರೇಷನ್ ಆದವರಿಗೆಂದೇ ಇರುವ ಸೇವೆ ಇದು. ತಿಂಗಳ ಹಣ ಕಟ್ಟಿದರೆ ವಾರಕ್ಕೊಮ್ಮೆ ವಾಟ್ಸ್‌ಆ್ಯಪ್‌ಗೆ ಊಟದ ಪಟ್ಟಿ ಬರುತ್ತದೆ, ಜೊತೆಗೆ ಕೊಳ್ಳಬೇಕಾದ ಸಾಮಾನಿನ ಚೀಟಿ. ಆಗಾಗ ಡಯಟಿಷಿಯನ್ ಫೋನ್ ಮಾಡುತ್ತಾರೆ. ನಡೆಸುವವರು ಬೆಂಗಳೂರಿನವರು.

ದುಡ್ಡು ಸಾರ್ಥಕ ಅನಿಸಿದ್ದು ಶುರುವಿನಲ್ಲಿ. ಮೊದಲ ಎರಡು ವಾರ ಬರೀ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರಲು ಸುಮಾರು ಎರಡು ತಿಂಗಳು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಹೊಟ್ಟೆ ಹಿಡಿಯುವುದು ಅರ್ಧ ಬಟ್ಟಲು! ಹಾಗಾಗಿ ಮೊದಲು ಮೊಟ್ಟೆ, ಮೀನು, ಬೇಳೆ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಅನ್ನಕ್ಕೆ ಕೊನೆಯ ಸ್ಥಾನ ಅಂದಾಗ ನಮ್ಮತ್ತೆಯ ಮುಖ ನೋಡಬೇಕಿತ್ತು. ಊಟದ ಜೊತೆ ನೀರು ಕುಡಿಯಬಾರದು, ಮುಗಿದ ಮೇಲೂ ಅರ್ಧ ಗಂಟೆ ಕಾಯಬೇಕು. ಇದನ್ನು ಅವರು ದಿನಾ ನೆನಪಿಸುತ್ತಿದ್ದರು. ಆಗ ಕಿರಿಕಿರಿ ಅನಿಸಿದರೂ ಈಗ ರೂಢಿಯಾಗಿದೆ.

ಕಿರಿಕಿರಿ ಅಂದರೆ ಆ ಸಾಮಾನಿನ ಚೀಟಿ. ಬ್ರೊಕೊಲಿ, ಜುಕಿನಿ, ತೋಫು, ಗ್ರೀಕ್ ಯೋಗರ್ಟ್! ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಇದನ್ನೆಲ್ಲ ಕೇಳಿದರೆ ನಗುತ್ತಾರೆ. ಅದೂ ಚೀಟಿ ಬರುತ್ತಿದ್ದದ್ದು ಭಾನುವಾರ, ಸಂತೆ ಮುಗಿದ ಮೇಲೆ. ಗುರುವಾರಕ್ಕೆ ಬದಲಿಸಿ ಅಂತ ತಿಂಗಳುಗಟ್ಟಲೆ ಹೇಳಬೇಕಾಯಿತು. ಒಂದು ಬಟರ್ ಫ್ರೂಟ್ ಮಾತ್ರ ನಮಗೆ ಸುಲಭ, ತೋಟದಲ್ಲೇ ಉದುರುತ್ತದೆ. ಅವರು ಅದನ್ನೇ ದುಬಾರಿ ಹಣ್ಣು ಅಂತ ಕಾಲು ಹೋಳು ಬರೆದಿದ್ದರು. ಅದರಲ್ಲಿ ಕೊಬ್ಬಿನಂಶ ಜಾಸ್ತಿ, ಕಾಲು ಹೋಳೇ ಸರಿ ಬಿಡಿ.

ಕೊನೆಗೆ ಚೀಟಿಯನ್ನು ನಾವೇ ತಿದ್ದಿಕೊಂಡೆವು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ಗ್ರೀಕ್ ಯೋಗರ್ಟ್ ಯಾಕೆ ಬೇಕು? ಬ್ರೊಕೊಲಿ ಬದಲು ಬೀನ್ಸ್, ಸೀಮೆಬದನೆ. ಮೀನಿಗೆ ಮತ್ತಿ, ಮುಳ್ಳು ಬಿಡಿಸಿಕೊಂಡು. ನಮ್ಮ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಬಿಡಬೇಕಾಗಲಿಲ್ಲ. ಕೊಬ್ಬು ತೆಗೆದ ತುಂಡನ್ನು ಮೆತ್ತಗೆ ಬೇಯಿಸಿ, ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ) ಹಾಕಿ ಎರಡು ಮೂರು ತುಂಡು ತಿಂದರೆ ನನಗೆ ಸಾಕು. ಅದರ ಜೊತೆ ತಿನ್ನುವ ಅಕ್ಕಿ ತರಿಯ ಉಂಡೆ ಕಡಂಬಿಟ್ಟು ಮಾತ್ರ ಈಗಲೂ ಎದೆಯಲ್ಲಿ ನಿಂತ ಹಾಗಾಗುತ್ತದೆ. ತೆಳು ಅಕ್ಕಿ ರೊಟ್ಟಿ ಚೂರು ಚೂರೇ ಅಗಿದರೆ ಇಳಿಯುತ್ತದೆ.

ಮಳೆಗಾಲಕ್ಕೆ ಈ ಪ್ಲ್ಯಾನ್ ಹೊಂದುವುದೇ ಇಲ್ಲ. ವಾರದ ಅಡುಗೆ ಒಟ್ಟಿಗೆ ಮಾಡಿ ಫ್ರಿಜ್‌ನಲ್ಲಿಡಿ ಅನ್ನುತ್ತದೆ. ಜುಲೈನಲ್ಲಿ ಇಲ್ಲಿ ಕರೆಂಟ್ ಎಲ್ಲಿರುತ್ತದೆ? ಆಗ ಹುರಿಗಡಲೆ, ಹೆಸರುಕಾಳು, ಮೊಟ್ಟೆಯೇ ಗತಿ.

ಇನ್ನು ಹೊಗಳಲೇಬೇಕಾದ ಎರಡು ಸಂಗತಿ. ಒಂದು, ಲೇಬಲ್ ಓದುವುದು ಕಲಿಸಿದ್ದು. ಪ್ಯಾಕೆಟ್ ಹಿಂದೆ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆದಿರುತ್ತಾರೆ. ಪ್ರೋಟೀನ್ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ ಮೊದಲಿದ್ದರೆ ಅಲ್ಲೇ ವಾಪಸ್ ಇಡುತ್ತೇನೆ. ಎರಡನೆಯದು ಮಾತ್ರೆಯ ಸಮಯ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆ ಜೊತೆ ಕಾಫಿ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ತೋಟದ ಮನೆಯವರಿಗೆ ಇದನ್ನು ಯಾರಾದರೂ ಹೇಳಲೇಬೇಕಿತ್ತು ಅಲ್ವಾ?

ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದುಸೊಪ್ಪಿನ ರಸದಲ್ಲಿ ಮಾಡುವ ಮದ್ದುಪಾಯಸ ತಿನ್ನಬಹುದಾ ಅಂತ ಕೇಳಿದ್ದೆ. ಆಗಿದ್ದ ಡಯಟಿಷಿಯನ್ ಬೇಡ ಅನ್ನಲಿಲ್ಲ. ಊಟವಾದ ಮೇಲೆ ಎರಡೇ ಚಮಚ, ಬೆಲ್ಲ ಕಮ್ಮಿ. ಖಾಲಿ ಹೊಟ್ಟೆಗೆ ಸಿಹಿ ಬಿದ್ದರೆ ಎದೆ ಹೊಡೆದುಕೊಂಡು ಬೆವರು ಬರಬಹುದು ಅಂದರು. ಅಂಥವರು ಉಳಿದಿದ್ದರೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ. ಕೆಲವು ತಿಂಗಳಿಗೊಮ್ಮೆ ಜನ ಬದಲಾಗುತ್ತಾರೆ, ಕಡಂಬಿಟ್ಟು ಅಂದರೇನು ಅಂತ ಮತ್ತೆ ಮೊದಲಿನಿಂದ ಹೇಳಬೇಕು. ವರ್ಷ ದಾಟಿದ ಮೇಲೆ ಪಟ್ಟಿಯಲ್ಲಿ ಹೊಸದೇನೂ ಇಲ್ಲ, ತಿರುಗಿ ತಿರುಗಿ ಅದೇ ಅಡುಗೆ. ಹಣ ಮಾತ್ರ ಅಕೌಂಟಿನಿಂದ ತಾನಾಗಿಯೇ ಹೋಗುತ್ತಿರುತ್ತದೆ.

ಈಗ ಪಟ್ಟಿ ನಿಲ್ಲಿಸಿ ಫೋನ್ ಸಲಹೆ ಮಾತ್ರ ಇಟ್ಟುಕೊಂಡಿದ್ದೇನೆ. ರಕ್ತಪರೀಕ್ಷೆ, ಬಿ12 ಎಲ್ಲ ಹೇಗೂ ಡಾಕ್ಟರ ಹತ್ತಿರವೇ. ಆಪರೇಷನ್ ದಿನ ಗೊತ್ತಾದವರು ಅದಕ್ಕೂ ಮೊದಲೇ ಸೇರಿಕೊಳ್ಳಿ, ಆಗಿನ ಪಥ್ಯಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ವರ್ಷದ ಪ್ಯಾಕೇಜ್ ಬೇಡ, ತಿಂಗಳ ಲೆಕ್ಕದಲ್ಲೇ ಕಟ್ಟಿ.